ಪ್ರವಾಸಿಗರ ಹಣ ಯಾರ ಕೈ ಸೇರುತ್ತದೆ?

ಪ್ರಶ್ನೆ: ಪ್ರವಾಸಿಗರು ಬಂದರೆ ಊರಿಗೆ ವರಮಾನ ಎನ್ನುತ್ತಾರೆ. ಹಾಗಿದ್ದೂ ವೆನಿಸ್, ಬಾರ್ಸಿಲೋನಾದಂಥ ನಗರಗಳ ಜನ ಪ್ರವಾಸಿಗರ ವಿರುದ್ಧವೇ ಬೀದಿಗಿಳಿಯುತ್ತಿರುವುದೇಕೆ?

ಉತ್ತರ: ಊರಿನ ಹೆಸರಿನಲ್ಲಿ ಖರ್ಚಾದ ಹಣವೆಲ್ಲ ಊರಿನಲ್ಲಿ ಉಳಿಯುವುದಿಲ್ಲ ಎಂಬಲ್ಲಿಂದಲೇ ತಕರಾರು ಹುಟ್ಟುತ್ತದೆ. ವಿಮಾನ, ವಸತಿ, ಊಟ, ಮಾರ್ಗದರ್ಶಿ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಮುಂಗಡವಾಗಿ ಕೊಂಡವರ ಹಣದ ದೊಡ್ಡ ಪಾಲು, ಅವರು ಮನೆ ಬಿಡುವ ಮೊದಲೇ ಬೇರೆ ಊರಿನ, ಎಷ್ಟೋ ಸಲ ಬೇರೆ ದೇಶದ, ಕಂಪನಿಯ ಖಾತೆಗೆ ಜಮೆಯಾಗಿರುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಸೋರಿಕೆ ಎಂದು ಕರೆಯುತ್ತಾರೆ. ಸೋರಿ ಉಳಿದದ್ದು ಕೋಣೆ ಗುಡಿಸುವವರ, ಸಾಮಾನು ಹೊರುವವರ ಕೂಲಿಯಾಗಿ ಊರಿಗೆ ದಕ್ಕುತ್ತದೆ. ಕಸ, ನೀರಿನ ಕೊರತೆ ಮತ್ತು ಮನೆ ಬಾಡಿಗೆಯ ಏರಿಕೆ ಮಾತ್ರ ಪೂರ್ತಿಯಾಗಿ ಊರಿನ ಪಾಲಿಗೇ ಬರುತ್ತವೆ.

ವೆನಿಸ್‌ನ ನಡುಗಡ್ಡೆಯ ಹಳೆಯ ನಗರದಲ್ಲಿ 1950ರ ದಶಕದ ಆರಂಭಕ್ಕೆ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಪ್ರವಾಸೋದ್ಯಮವೊಂದೇ ಕಾರಣವಲ್ಲ. ಪದೇ ಪದೇ ಬರುವ ನೆರೆಯೂ, ಎದುರು ದಡದಲ್ಲಿ ಸಿಗುವ ಅಗ್ಗದ ಮನೆಗಳೂ ಜನರನ್ನು ಹೊರಗೆಳೆದಿವೆ. ಆದರೆ ಒಂದು ಕುಟುಂಬಕ್ಕೆ ವರ್ಷವಿಡೀ ಬಾಡಿಗೆಗೆ ಕೊಡುವುದಕ್ಕಿಂತ ವಾರಾಂತ್ಯದ ಅತಿಥಿಗಳಿಗೆ ಕೊಡುವುದೇ ಹೆಚ್ಚು ಲಾಭ ಎಂದಾದ ಮೇಲೆ ಓಣಿಯ ಚಹರೆ ಬದಲಾಗಲು ಬಹಳ ಕಾಲ ಬೇಕಾಗುವುದಿಲ್ಲ. ಮೊದಲು ಬಾಡಿಗೆದಾರರು ಹೋಗುತ್ತಾರೆ. ಗಿರಾಕಿಗಳಿಲ್ಲದೆ ತರಕಾರಿ ಅಂಗಡಿ, ನಲ್ಲಿ ರಿಪೇರಿಯವನ ಮಳಿಗೆ ಮುಚ್ಚುತ್ತವೆ. ಅದೇ ಜಾಗದಲ್ಲಿ ಮುಖವಾಡ ಮತ್ತು ಗಾಜಿನ ಗೊಂಬೆಗಳ ಅಂಗಡಿ ತೆರೆಯುತ್ತದೆ. ಅಲ್ಲೇ ಉಳಿದ ವೃದ್ಧರು ಒಂದು ಕಟ್ಟು ಸೊಪ್ಪಿಗಾಗಿ ಸೇತುವೆಗಳನ್ನು ಹತ್ತಿ ಇಳಿಯಬೇಕಾಗುತ್ತದೆ. ಬಾರ್ಸಿಲೋನಾದ ನಗರಾಡಳಿತ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಸುಮಾರು 10,000 ಫ್ಲಾಟ್‌ಗಳ ಪರವಾನಗಿಯನ್ನು 2028ರ ನಂತರ ನವೀಕರಿಸುವುದಿಲ್ಲವೆಂದು 2024ರಲ್ಲಿ ಘೋಷಿಸಿದ್ದು ಈ ಹಿನ್ನೆಲೆಯಲ್ಲೇ.

ಅತಿಥಿಗಳ ಬಗೆಗಿನ ಊರಿನವರ ಮನಸ್ಸು ಸಂಭ್ರಮ, ಉದಾಸೀನ, ಕಿರಿಕಿರಿ, ವಿರೋಧ ಎಂಬ ನಾಲ್ಕು ಹಂತಗಳಲ್ಲಿ ಬದಲಾಗುತ್ತದೆ ಎಂದು ಪ್ರವಾಸೋದ್ಯಮದ ಸಂಶೋಧಕ ಜಾರ್ಜ್ ಡಾಕ್ಸಿ 1975ರಲ್ಲೇ ಗುರುತಿಸಿದ್ದರು. ಎಲ್ಲ ಊರುಗಳೂ ಇದೇ ಕ್ರಮದಲ್ಲಿ ಸಾಗುತ್ತವೆ ಎನ್ನಲಾಗದು. ಆದರೂ ಪ್ರವಾಸದಿಂದ ಮರಳಿದವರು "ಅಲ್ಲಿಯ ಜನ ಸಿಡುಕರು" ಎಂದು ದೂರಿದಾಗ, ಆ ಊರು ಮೂರನೆಯ ಹಂತ ತಲುಪಿರಬಹುದೇ ಎಂದು ಕೇಳಿಕೊಳ್ಳುವುದು ನ್ಯಾಯ.

ಪ್ರಶ್ನೆ: ಪ್ರವೇಶ ಶುಲ್ಕ ಹೆಚ್ಚಿಸಿದರೆ ಜನಜಂಗುಳಿ ತಗ್ಗುತ್ತದೆ, ನಿಜ. ಆದರೆ ಪ್ರವಾಸ ಉಳ್ಳವರ ಸೊತ್ತಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಭೂತಾನ್ 2022ರಲ್ಲಿ ವಿದೇಶಿ ಪ್ರವಾಸಿಗರ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ರಾತ್ರಿಯೊಂದಕ್ಕೆ 200 ಡಾಲರಿಗೆ ಏರಿಸಿ, ಮರುವರ್ಷ 100 ಡಾಲರಿಗೆ ಇಳಿಸಬೇಕಾಯಿತು. ಶುಲ್ಕ ಎಷ್ಟು ಎಂಬುದಕ್ಕಿಂತ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ನೇಪಾಳದ ಅನ್ನಪೂರ್ಣ ಸಂರಕ್ಷಣಾ ಪ್ರದೇಶದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಡಿ ಚಾರಣಿಗರಿಂದ ಪಡೆದ ಶುಲ್ಕವನ್ನು ಅದೇ ಪ್ರದೇಶದ ಕಾಡಿನ ರಕ್ಷಣೆಗೆ, ಕಾಲುದಾರಿಗಳಿಗೆ, ಹಳ್ಳಿಗಳ ಅಭಿವೃದ್ಧಿಗೆ ಬಳಸುತ್ತಾರೆ. ಕೊಟ್ಟ ಹಣ ಕಣ್ಣೆದುರು ಕಾಣುವ ಕಡೆ ಶುಲ್ಕದ ಬಗ್ಗೆ ಗೊಣಗಾಟವೂ ಕಡಿಮೆ.

ಬೆಲೆಯ ಬದಲು ಸಂಖ್ಯೆಗೆ ಮಿತಿ ಹಾಕುವುದು ಇನ್ನೊಂದು ದಾರಿ. ದಿನಕ್ಕೆ ಸುಮಾರು 5,000 ಜನ ಬಂದಿಳಿಯುತ್ತಿದ್ದ ಥಾಯ್ಲೆಂಡಿನ ಮಾಯಾ ಬೇ ಕಡಲತೀರದಲ್ಲಿ ದೋಣಿಗಳ ಲಂಗರುಗಳೇ ಹವಳದ ದಿಬ್ಬಗಳನ್ನು ಮುರಿದು ಹಾಕಿದ್ದವು. 2018ರ ಜೂನ್‌ನಲ್ಲಿ ಅದನ್ನು ಮುಚ್ಚಿ, 2022ರ ಜನವರಿಯಲ್ಲಿ ಮರಳಿ ತೆರೆದಾಗ ದೋಣಿಗಳಿಗೆ ಕೊಲ್ಲಿಯೊಳಗೆ ಪ್ರವೇಶವೇ ಇರಲಿಲ್ಲ. ಈಗ ದೋಣಿಗಳು ದ್ವೀಪದ ಹಿಂಬದಿಯಲ್ಲಿ ನಿಲ್ಲುತ್ತವೆ, ಸೀಮಿತ ಸಂಖ್ಯೆಯ ಜನ ಮರದ ಹಲಗೆಯ ದಾರಿಯಲ್ಲಿ ನಡೆದು ತೀರ ತಲುಪುತ್ತಾರೆ. ರೆಕ್ಕೆಯ ತುದಿ ಕಪ್ಪಗಿರುವ ಶಾರ್ಕ್‌ಗಳು ಆ ತಿಳಿನೀರಿಗೆ ಮರಳಿವೆ. ಆದರೆ ತೀರ ಮುಚ್ಚಿದ್ದ ಆ ವರ್ಷಗಳಲ್ಲಿ ದೋಣಿಯವರ ಜೀವನ ಹೇಗೆ ನಡೆಯಬೇಕು ಎಂಬುದು ಇಂಥ ಪ್ರತಿ ನಿರ್ಧಾರದ ಮೊದಲ ಪ್ರಶ್ನೆಯಾಗಬೇಕಿತ್ತು. ಅದು ಸಾಮಾನ್ಯವಾಗಿ ಕೊನೆಯದಾಗುತ್ತದೆ.

ಪ್ರಶ್ನೆ: ಈಗ ಪ್ರತಿಯೊಂದು ರೆಸಾರ್ಟ್ ಕೂಡ ತನ್ನನ್ನು ಪರಿಸರಸ್ನೇಹಿ ಎಂದೇ ಕರೆದುಕೊಳ್ಳುತ್ತದೆ. ನಂಬುವುದು ಹೇಗೆ?

ಉತ್ತರ: ಮಾಲೀಕರು ಯಾರು, ವ್ಯವಸ್ಥಾಪಕರ ಹುದ್ದೆಯಲ್ಲಿ ಸ್ಥಳೀಯರು ಇದ್ದಾರೆಯೇ, ಕೊಳಚೆ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕಾಯ್ದಿರಿಸುವ ಮೊದಲೇ ಬರೆದು ಕೇಳಿ. ಸ್ನಾನದ ಟವೆಲನ್ನು ಮರುಬಳಸಿ ಎಂಬ ಚೀಟಿ ಅಂಟಿಸುವುದು ಸುಲಭ; ಮೂರನೆಯ ಪ್ರಶ್ನೆಗೆ ನೇರ ಉತ್ತರ ಕೊಡುವವರು ವಿರಳ.

ಪ್ರಶ್ನೆ: ಬಡ ಪ್ರದೇಶಗಳಿಗೆ ಹೋದಾಗ ಮಕ್ಕಳಿಗೆ ಸಿಹಿ, ಪೆನ್ನು ಹಂಚುತ್ತೇನೆ. ಅನಾಥಾಲಯಗಳಿಗೂ ಭೇಟಿ ಕೊಡುತ್ತೇನೆ. ಇದು ತಪ್ಪೆಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ನಿಮ್ಮ ಉದ್ದೇಶದಲ್ಲಿ ತಪ್ಪಿಲ್ಲ, ಪರಿಣಾಮದಲ್ಲಿದೆ. ರಸ್ತೆಯಲ್ಲಿ ಕೈಚಾಚಿದರೆ ಏನಾದರೂ ಸಿಗುತ್ತದೆ ಎಂದಾದರೆ ಮಕ್ಕಳು ಶಾಲೆಯ ವೇಳೆಯಲ್ಲೂ ರಸ್ತೆಯಲ್ಲೇ ಇರುತ್ತಾರೆ. ಪೆನ್ನುಗಳನ್ನು ಶಾಲೆಯ ಶಿಕ್ಷಕರ ಕೈಗೆ ಕೊಡಿ. ಅನಾಥಾಲಯದ ವಿಷಯ ಇದಕ್ಕಿಂತ ಗಂಭೀರವಾದದ್ದು. ಕಾಂಬೋಡಿಯದ ಇಂಥ ನಿಲಯಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿಯೇ ಇದ್ದರೆಂಬುದು ಬೆಳಕಿಗೆ ಬಂದಿದೆ. ಸಂದರ್ಶಕರ ದೇಣಿಗೆ ಬರುತ್ತಿರುವವರೆಗೂ ನಿಲಯಗಳಿಗೆ ಮಕ್ಕಳು ಬೇಕಾಗುತ್ತಾರೆ. ಅಲ್ಲಿಗೆ ಹೋಗದಿರುವುದೇ ಲೇಸು. ಫೋಟೊ ತೆಗೆಯುವಾಗಲೂ ಅಷ್ಟೆ: ನಿಮ್ಮ ಮಗುವಿನ ಚಿತ್ರವನ್ನು ಅಪರಿಚಿತರು ಕೇಳದೆ ತೆಗೆದರೆ ನೀವು ಸುಮ್ಮನಿರುತ್ತೀರಾ?

ಪ್ರಶ್ನೆ: ಸಾವಿರಾರು ಜನ ನಿಯಮ ಮುರಿಯುವಾಗ ನಾನೊಬ್ಬ ಸರಿಯಾಗಿ ನಡೆದುಕೊಂಡರೆ ಏನು ಪ್ರಯೋಜನ?

ಉತ್ತರ: ಆಸ್ಟ್ರೇಲಿಯಾದ ಉಲೂರು ಬಂಡೆಯ ಒಡೆತನ ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿ ಸಿಕ್ಕಿದ್ದು 1985ರಲ್ಲಿ. ತಮಗೆ ಪವಿತ್ರವಾದ ಬಂಡೆಯನ್ನು ಹತ್ತಬೇಡಿ ಎಂದು ಅವರು ಬೇಡಿಕೊಳ್ಳುತ್ತಲೇ ಇದ್ದರೂ ಹತ್ತುವುದಕ್ಕೆ ಅವಕಾಶ ಉಳಿದೇ ಇತ್ತು. ಹತ್ತುವವರ ಪ್ರಮಾಣ ಶೇಕಡಾ 20ಕ್ಕಿಂತ ಕೆಳಗಿಳಿದರೆ ದಾರಿ ಮುಚ್ಚುವುದನ್ನು ಪರಿಗಣಿಸಬಹುದೆಂದು ಬಂಡೆಯಿರುವ ರಾಷ್ಟ್ರೀಯ ಉದ್ಯಾನದ 2010ರ ನಿರ್ವಹಣಾ ಯೋಜನೆ ಹೇಳಿತು. ಫಲಕ ಓದಿ, ಯಾರ ಒತ್ತಾಯವೂ ಇಲ್ಲದೆ ಕೆಳಗೇ ನಿಂತ ಪ್ರವಾಸಿಗರು ಒಬ್ಬೊಬ್ಬರಾಗಿ ಆ ಪ್ರಮಾಣವನ್ನು ಇಳಿಸಿದರು. 2017ರಲ್ಲಿ ಅನಂಗು ಸದಸ್ಯರೇ ಬಹುಮತದಲ್ಲಿರುವ ಆಡಳಿತ ಮಂಡಳಿ ನಿಷೇಧದ ತೀರ್ಮಾನ ಕೈಗೊಂಡಿತು, 2019ರ ಅಕ್ಟೋಬರ್ 26ರಿಂದ ಅದು ಜಾರಿಗೆ ಬಂತು. ದಾರಿ ಮುಚ್ಚುತ್ತದೆಂದು ತಿಳಿದ ಮೇಲೆ ಕೊನೆಯ ದಿನಗಳಲ್ಲಿ ಹತ್ತಲು ಉದ್ದನೆಯ ಸರದಿಯೇ ನಿಂತಿತ್ತು ಎಂಬುದೂ ಸತ್ಯ. ಆದರೆ ಆ ಸರದಿಗೆ ತೀರ್ಮಾನವನ್ನು ಬದಲಿಸುವ ಶಕ್ತಿ ಇರಲಿಲ್ಲ. ಹತ್ತದೆ ಮರಳಿದವರ ಲೆಕ್ಕ ಅಷ್ಟರಲ್ಲಾಗಲೇ ಕಡತ ಸೇರಿತ್ತು.