‘ನನ್ನ ಮುಖ ಒಂದು ಸಲ ನೋಡಿ ಮೇಡಂ’

ನಾನು ಆಪ್ತಸಲಹೆಗಾರ್ತಿ. ಕಳೆದ ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಒಂದೇ ಕಥೆ ಹೊತ್ತುಕೊಂಡು ಐದಾರು ಹೆಂಗಸರು ನನ್ನ ಹತ್ತಿರ ಬಂದಿದ್ದಾರೆ. ಎಲ್ಲರೂ 45ರಿಂದ 52ರ ಒಳಗಿನವರು. ಕೆನ್ನೆ ಮೇಲೆ ಬಂಗು, ಕಣ್ಣಿನ ಸುತ್ತ ಸುಕ್ಕು, ಬ್ಯಾಗಿನಲ್ಲಿ ಯಾರೋ ಹೇಳಿದ ಒಂದು ಕ್ರೀಮು. ಅವರಲ್ಲಿ ಒಬ್ಬರ ವಿಷಯ ಬರೆಯುತ್ತಿದ್ದೇನೆ, ಯಾಕಂದರೆ ಅವರ ವಿಷಯದಲ್ಲಿ ನಾನು ತಡ ಮಾಡಿದೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 48 ವರ್ಷ. ಪ್ರೈಮರಿ ಶಾಲೆ ಟೀಚರ್. ಮುಟ್ಟು ನಿಂತು ಒಂದು ವರ್ಷ ಆಗಿತ್ತು. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಶಾಲೆಗೆ ಹೋಗಲು ಮನಸ್ಸಿಲ್ಲ ಎಂದು ಬಂದಿದ್ದರು. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಇವರು ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ, ಅವರಲ್ಲೊಬ್ಬ ಹಿರಿಯ ಹೆಂಗಸು ‘ಇವರು ಹುಡುಗಿಯ ಅಜ್ಜಿನಾ?’ ಎಂದು ಕೇಳಿದ್ದರಂತೆ.

ನಾನು ಆ ಮಾತನ್ನೇ ಹಿಡಿದುಕೊಂಡೆ. ಮೂರು ಭೇಟಿ ಪೂರ್ತಿ ಅವಮಾನ, ವಯಸ್ಸಾಗುವ ಭಯ, ಮಗಳು ಮನೆ ಬಿಟ್ಟು ಹೋಗುವ ಸಂಕಟ, ಇದೇ ಮಾತು. ಸುಳ್ಳು ವಿಷಯಗಳೇನಲ್ಲ ಅವು. ಆದರೆ ನಾಲ್ಕನೇ ಸಲ ಬಂದವರು ಕುಳಿತ ಕೂಡಲೇ ಹೇಳಿದರು: ‘ಮೇಡಂ, ನೀವು ಪ್ರತಿ ಸಲ ಮನಸ್ಸಿನ ಮಾತೇ ಆಡ್ತೀರಿ. ನನ್ನ ಮುಖ ಉರೀತಿದೆ. ಒಂದು ಸಲ ನೋಡಿ.’

ನಾನು ನೋಡಿರಲಿಲ್ಲ. ಮುಖದ ಬಗ್ಗೆ ಮೂರು ಗಂಟೆ ಮಾತಾಡಿದ್ದೆ, ಮುಖ ನೋಡಿರಲಿಲ್ಲ. ಅವತ್ತು ಕುರ್ಚಿಯನ್ನು ಕಿಟಕಿ ಹತ್ತಿರ ಎಳೆದುಕೊಂಡು ಕೂತೆವು. ಪೌಡರ್ ಒರೆಸಿ ತೋರಿಸಿದರು. ಕೆನ್ನೆ ಎರಡೂ ಕೆಂಪಗಿದ್ದವು, ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಉಜ್ಜಿಕೊಂಡ ಹಾಗೆ. ಚರ್ಮ ಎಷ್ಟು ತೆಳ್ಳಗಾಗಿತ್ತೆಂದರೆ ಒಳಗಿನ ಸಣ್ಣ ಸಣ್ಣ ರಕ್ತನಾಳ ಕಾಣುತ್ತಿತ್ತು. ಅಂಚಿನಲ್ಲಿ ಬಂಗು ಮೊದಲಿಗಿಂತ ಕಪ್ಪಾಗಿದೆ ಎಂದು ಅವರೇ ಹೇಳಿದರು. ಆಮೇಲೆ ಕರ್ಚೀಫಿನಲ್ಲಿ ಸುತ್ತಿಟ್ಟ ಟ್ಯೂಬ್ ತೆಗೆದರು. ಮೊದಲು ಪಾರ್ಲರಿನವರು ಕೊಟ್ಟಿದ್ದು, ಆಮೇಲೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೇ ಸಿಗುತ್ತಿತ್ತಂತೆ. ಹನ್ನೊಂದು ತಿಂಗಳಿಂದ ದಿನಾ ರಾತ್ರಿ ಹಚ್ಚುತ್ತಿದ್ದರು.

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಮೂರು ಹೆಸರಿದ್ದವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟೀರಾಯ್ಡ್. ಡಾಕ್ಟರ ಕಣ್ಗಾವಲಿನಲ್ಲಿ ಕೆಲವೇ ವಾರ ಹಚ್ಚಬೇಕಾದ ಔಷಧಿ ಇದು, ತಿಂಗಳುಗಟ್ಟಲೆ ಹಚ್ಚುವ ಫೇಸ್ ಕ್ರೀಮ್ ಅಲ್ಲ. ಮೊದಲ ಕೆಲವು ದಿನ ಮುಖ ಬೆಳ್ಳಗೆ, ನುಣ್ಣಗೆ ಆಗುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳಿದ್ದರಂತೆ. ಬರಬರುತ್ತಾ ಚರ್ಮ ತೆಳ್ಳಗಾಗುತ್ತದೆ, ಮೊಡವೆ, ಸಣ್ಣ ಕೂದಲು ಬರುತ್ತವೆ. ಒಂದು ದಿನ ಬಿಟ್ಟರೆ ಉರಿ, ಕೆಂಪು, ತುರಿಕೆ. ಆ ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ ಇಲ್ಲಿನ ಚರ್ಮದ ಡಾಕ್ಟರುಗಳು ಇದಕ್ಕೆ ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’, ಅಂದರೆ ಹಚ್ಚುವ ಸ್ಟೀರಾಯ್ಡಿನಿಂದ ಹಾಳಾದ ಮುಖ, ಎಂದು ಬೇರೆಯೇ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಸಿಗುತ್ತಿದೆ.

ಇಷ್ಟನ್ನು ನಾನು ಅವರಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಕೇಳಿದರು: ‘ಹಾಗಾದ್ರೆ ನನಗೆ ತಲೆ ಕೆಟ್ಟಿಲ್ಲ ಅಲ್ವಾ ಮೇಡಂ?’

ಉರಿಯುತ್ತದೆ ಎಂದು ಅವರು ಹೇಳಿದಾಗಲೆಲ್ಲ ಗಂಡ ‘ಎಲ್ಲಾ ನಿನ್ನ ತಲೆಯಲ್ಲಿರೋದು’ ಎನ್ನುತ್ತಿದ್ದರಂತೆ. ಹಾಗೆ ಹೇಳಿಸಿಕೊಂಡೇ ನನ್ನ ಹತ್ತಿರ ಬಂದಿದ್ದರು. ನಾನೂ ಮೂರು ಸಲ ಬೇರೆ ಮಾತಿನಲ್ಲಿ ಅದನ್ನೇ ಹೇಳಿ ಕಳಿಸಿದ್ದೆ. ಆ ಪ್ರಶ್ನೆ ಕೇಳಿದ ಮೇಲೆ ಅವರು ತುಂಬಾ ಹೊತ್ತು ಅತ್ತರು, ನಾನು ತಡೆಯಲಿಲ್ಲ.

ನನ್ನ ಮೊದಲ ಸಲಹೆ: ಕ್ರೀಮನ್ನು ಇವತ್ತೇ ಬಿಸಾಕಬೇಡಿ. ಒಮ್ಮೆಲೇ ಬಿಟ್ಟರೆ ಉರಿ ಜೋರಾಗಿ ಮತ್ತೆ ಅದಕ್ಕೇ ಕೈ ಹಾಕುತ್ತೀರಿ. ಟ್ಯೂಬ್ ಹಿಡಿದುಕೊಂಡು ಈ ವಾರವೇ ಚರ್ಮದ ಡಾಕ್ಟರನ್ನು ನೋಡಿ, ಹೇಗೆ ಬಿಡಿಸಬೇಕೆಂದು ಅವರು ಹೇಳಲಿ. ಬೆವರು, ನಿದ್ದೆಗೇಡು, ಸಿಟ್ಟಿಗೆ ಹೆರಿಗೆ ಡಾಕ್ಟರನ್ನೂ ಕಾಣಿ. ಮುಟ್ಟು ನಿಂತಾಗ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ. ಮೊದಲ ಐದು ವರ್ಷದಲ್ಲೇ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನ್ ಸುಮಾರು 30 ಪರ್ಸೆಂಟ್ ಕಡಿಮೆ ಆಗುತ್ತದೆ ಎನ್ನುತ್ತಾರೆ. ಒಣಗುವುದು, ಜೋತು ಬೀಳುವುದು ಆ ಹೆಂಗಸಿನ ಸೋಮಾರಿತನದಿಂದ ಆಗಿದ್ದಲ್ಲ.

ಡಾಕ್ಟರ್ ಹೇಳಿದ್ದರ ಜೊತೆಗೆ ಮನೆಯಲ್ಲಿ ಮಾಡಬೇಕಾದ್ದು ಬಹಳ ಕಡಿಮೆ. ಸುಡುಸುಡು ನೀರು ಮುಖಕ್ಕೆ ಬೇಡ. ತೊಳೆದು ಹಸಿ ಇರುವಾಗಲೇ ಸಾದಾ ಮಾಯಿಶ್ಚರೈಸರ್. ಬೆಳಿಗ್ಗೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್, ಎರಡು ಬೆರಳುದ್ದ, ಮುಖಕ್ಕೂ ಕುತ್ತಿಗೆಗೂ. ಕ್ಲಾಸಿನ ಕಿಟಕಿ ಪಕ್ಕ ನಿಂತು ಪಾಠ ಮಾಡುವವರಿಗೂ ಬೇಕು, ಗಾಜು ಎಲ್ಲ ಕಿರಣವನ್ನೂ ತಡೆಯುವುದಿಲ್ಲ. ನಿಂಬೆರಸ, ಸೋಡಾ, ಸ್ಕ್ರಬ್, ಬ್ಲೀಚ್ ಯಾವುದೂ ಬೇಡ. ಇನ್ನೊಂದು ಮಾತು ಹೇಳಿದೆ: ದಿನಕ್ಕೆ ಎರಡೇ ಸಲ ಕನ್ನಡಿ, ಅದೂ ಹಚ್ಚಿಕೊಳ್ಳುವಾಗ ಮಾತ್ರ. ಅವರು ಪಾಠದ ಮಧ್ಯೆಯೂ ಮೊಬೈಲ್ ಕ್ಯಾಮೆರಾದಲ್ಲಿ ಕೆನ್ನೆ ನೋಡಿಕೊಳ್ಳುತ್ತಿದ್ದರು.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಕೇಳಿದರು, ಸನ್‌ಸ್ಕ್ರೀನ್ ಹೇಳುವುದು ಆಪ್ತಸಲಹೆಗಾರರ ಕೆಲಸವಾ, ವಯಸ್ಸನ್ನು ಒಪ್ಪಿಕೊಳ್ಳಿ ಎಂದು ಹೇಳುವುದಲ್ಲವಾ ನಮ್ಮ ಕೆಲಸ ಎಂದು. ನಾನು ಒಪ್ಪುವುದಿಲ್ಲ. ಔಷಧಿ ನಾನು ಬರೆಯಲಿಲ್ಲ, ಅದನ್ನು ಡಾಕ್ಟರಿಗೆ ಬಿಟ್ಟೆ. ಆದರೆ ಉರಿಯುವ ಮುಖ ಇಟ್ಟುಕೊಂಡು ಕೂತವರಿಗೆ ಒಪ್ಪಿಕೊಳ್ಳಿ ಎನ್ನುವುದು, ಬಾಯಿ ಮುಚ್ಚಿಕೊಳ್ಳಿ ಎಂದ ಹಾಗೆಯೇ ಕೇಳಿಸುತ್ತದೆ. ಮೂವತ್ತು ವರ್ಷ ಮನೆಯವರ ಮೈಕೈ ನೋಡಿಕೊಂಡ ಹೆಂಗಸು ತನ್ನ ಚರ್ಮಕ್ಕೆ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಅದನ್ನು ಶೋಕಿ ಎನ್ನಬೇಡಿ. ಆ ಶೋಕಿ ಎಂಬ ಮಾತಿಗೆ ಹೆದರಿಯೇ ಅವರು ಡಾಕ್ಟರ ಹತ್ತಿರ ಹೋಗದೆ, ಗಂಡನಿಗೆ ಗೊತ್ತಾಗದ ಹಾಗೆ ಕದ್ದು ಕ್ರೀಮ್ ತಂದಿದ್ದು. ಮುಂದಿನ ಭೇಟಿಗೆ ಗಂಡನನ್ನೂ ಕರೆಸಿ, ಉರಿ ತಲೆಯಲ್ಲಿಲ್ಲ, ಚರ್ಮದಲ್ಲಿದೆ ಎಂದು ಟ್ಯೂಬ್ ತೋರಿಸಿಯೇ ಹೇಳಿದೆ. ಅವರು ಟ್ಯೂಬನ್ನು ತಿರುಗಿಸಿ ತಿರುಗಿಸಿ ಓದಿದರು, ಏನೂ ಹೇಳಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಎರಡನೇ ಸಲ ಅವರೇ ಕರೆದುಕೊಂಡು ಹೋದರಂತೆ.

ಹೋದ ತಿಂಗಳು ಟೀಚರ್ ಬಂದಿದ್ದರು. ಆರು ತಿಂಗಳಾಗಿದೆ. ಕೆಂಪು ಬಹಳ ಇಳಿದಿದೆ, ನಿದ್ದೆ ಬರುತ್ತಿದೆ, ಬಂಗು ಇನ್ನೂ ಇದೆ, ಸುಕ್ಕಂತೂ ಇದ್ದೇ ಇದೆ. ಅವರ ವಿಷಯ ಹೆಚ್ಚು ಮಾತಾಡಲಿಲ್ಲ. ಮೊಬೈಲ್ ತೆಗೆದು ಸ್ಟಾಫ್ ರೂಮಿನ ಇನ್ನಿಬ್ಬರು ಹಚ್ಚುವ ಕ್ರೀಮುಗಳ ಫೋಟೋ ತೋರಿಸಿದರು. ‘ಇದರಲ್ಲೂ ಆ ಹೆಸರು ಇದೆಯಾ ನೋಡಿ ಮೇಡಂ.’

ಒಂದರಲ್ಲಿ ಇತ್ತು.