ಪಗೋಡ ಬೀದಿಯಲ್ಲಿ ಪಗೋಡ ಇಲ್ಲ, ಮೇಷ್ಟ್ರೇ

ಓದುಗರ ಪತ್ರ: ನಿಮ್ಮ ಪ್ರವಾಸ ವಿಶೇಷಾಂಕದಲ್ಲಿ ಸಿಂಗಪುರವನ್ನು 'ನಾಲ್ಕು ಸಂಸ್ಕೃತಿಗಳ ಊರು' ಎಂದು ಹೊಗಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ನಮ್ಮ ಮನೆಯವರೂ ಪ್ಯಾಕೇಜ್ ಟೂರಿನಲ್ಲಿ ಹೋಗಿದ್ದೆವು. ಬಸ್ಸಿನವರು ಚೈನಾಟೌನಿನಲ್ಲಿ ಅರ್ಧ ತಾಸು, ಲಿಟಲ್ ಇಂಡಿಯಾದಲ್ಲಿ ನಲವತ್ತು ನಿಮಿಷ ಬಿಟ್ಟರು. ಮಲ್ಲಿಗೆ ಹೂವು, ಇಡ್ಲಿ, ಸ್ಟೀಲ್ ಪಾತ್ರೆ. ಇದನ್ನು ನೋಡಲು ವಿಮಾನ ಹತ್ತಬೇಕಿತ್ತೇ? ಉಳಿದದ್ದೆಲ್ಲ ಮಾಲು. ಈಗ ಮಗಳ ಸಂಸಾರ ಅಲ್ಲಿನ ಎಚ್‌ಡಿಬಿ ಫ್ಲ್ಯಾಟಿನಲ್ಲಿದೆ, ಮೊಮ್ಮಗನೂ ಇದ್ದಾನೆ, ಮೇ ತಿಂಗಳಲ್ಲಿ ಮೂರು ವಾರ ಹೋಗುತ್ತಿದ್ದೇವೆ. ಆ ನಾಲ್ಕು ಸಂಸ್ಕೃತಿಗಳ ವಿಳಾಸ ಕೊಡಿ. ನಮ್ಮ ಮನೆಯವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಅದಕ್ಕೂ ದಾರಿ ಹೇಳಿ.
(ನಿವೃತ್ತ ಕನ್ನಡ ಶಿಕ್ಷಕರು, ದಾವಣಗೆರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ವಿಶೇಷಾಂಕದ ಒಂದು ಚಿತ್ರದ ಕೆಳಗೆ 'ಚೀನೀ ಪಗೋಡಗಳ ಬೀದಿ' ಎಂದು ಅಚ್ಚಾಗಿದೆ. ಬರೆದವನು ನಾನೇ. ಚೈನಾಟೌನಿನಲ್ಲಿ ಪಗೋಡ ಸ್ಟ್ರೀಟ್ ಇದೆ, ಅಂದಮೇಲೆ ಚೀನೀ ಪಗೋಡವೂ, ಅಂದರೆ ಮಹಡಿ ಮಹಡಿಯ ಗೋಪುರದ ಗುಡಿಯೂ, ಇರಲೇಬೇಕು ಅಂತ ಕುರ್ಚಿಯಲ್ಲಿ ಕೂತೇ ತೀರ್ಮಾನ ಮಾಡಿಬಿಟ್ಟೆ. ಆ ಬೀದಿಯಲ್ಲಿ ನಾನು ಓಡಾಡಿದ್ದೇನೆ ಬೇರೆ! ಅಲ್ಲಿ ಪಗೋಡ ಇಲ್ಲ. ಬೀದಿಗೆ ಹೆಸರು ಬಂದದ್ದು ಮಾರಿಯಮ್ಮನ ಗುಡಿಯ ಗೋಪುರದಿಂದ.

ಹೌದು, ನಮ್ಮ ಮಾರಿಯಮ್ಮನೇ. ಶ್ರೀ ಮಾರಿಯಮ್ಮನ್ ದೇವಸ್ಥಾನ 1827ರಲ್ಲಿ ಶುರುವಾದದ್ದು, ಸಿಂಗಪುರದ ಅತಿ ಹಳೆಯ ಹಿಂದೂ ಗುಡಿ, ಮತ್ತು ಅದು ಇರುವುದು ಲಿಟಲ್ ಇಂಡಿಯಾದಲ್ಲಲ್ಲ, ಚೈನಾಟೌನಿನ ನಡುಮಧ್ಯೆ, ಸೌತ್ ಬ್ರಿಜ್ ರೋಡಿನಲ್ಲಿ. ಗುಡಿಯ ಒಂದು ಮಗ್ಗುಲಿಗೆ ಪಗೋಡ ಸ್ಟ್ರೀಟ್, ಇನ್ನೊಂದು ಮಗ್ಗುಲಿಗೆ ಟೆಂಪಲ್ ಸ್ಟ್ರೀಟ್. ಪಗೋಡ ಸ್ಟ್ರೀಟಿನ ಆಚೆ ಮಾಸ್ಕ್ ಸ್ಟ್ರೀಟ್, ಅಂದರೆ ಮಸೀದಿ ಬೀದಿ. ಆ ಹೆಸರಿನ ಹಿಂದಿರುವ ಜಾಮಿಯಾ ಮಸೀದಿ 1826ರದ್ದು, ಕಟ್ಟಿದವರು ಚೂಲಿಯಾಗಳು, ಅಂದರೆ ಕೋರಮಂಡಲ ಕರಾವಳಿಯಿಂದ ಹಡಗು ಹತ್ತಿದ ತಮಿಳು ಮುಸಲ್ಮಾನರು. ಸೌತ್ ಬ್ರಿಜ್ ರೋಡಿನಲ್ಲೇ ಇನ್ನೂ ನಾಲ್ಕು ಹೆಜ್ಜೆ ಹೋದರೆ 2007ರಲ್ಲಿ ತೆರೆದ, ಬುದ್ಧನ ಹಲ್ಲನ್ನು ಇಟ್ಟಿದೆ ಎಂದು ಭಕ್ತರು ನಂಬುವ ಭಾರೀ ಬೌದ್ಧ ಮಂದಿರ. ನೋಡಿ, ಚೈನಾಟೌನಿನ ಮೂರು ಬೀದಿಗಳ ಹೆಸರಿಗೂ ಚೀನಾಕ್ಕೂ ಸಂಬಂಧವೇ ಇಲ್ಲ. ನಿಮ್ಮ ಬಸ್ಸು ನಿಂತ ಅರ್ಧ ತಾಸಿನಲ್ಲಿ ಇದಿಷ್ಟೂ ನಡೆದು ನೋಡಬಹುದಿತ್ತು, ಆದರೆ ನಿಮ್ಮನ್ನು ಸಾಮಾನಿನ ಅಂಗಡಿಗಳ ಸಾಲಿಗೆ ಬಿಟ್ಟಿರುತ್ತಾರೆ, ಅಲ್ವಾ?

ನಿಮ್ಮ ಸಿಟ್ಟು ಸರಿಯಾದದ್ದೇ. ಪ್ಯಾಕೇಜಿನವರು ಊರನ್ನು ಖಾನೆ ಖಾನೆ ಮಾಡಿ ತೋರಿಸುತ್ತಾರೆ: ಚೀನೀಯರದ್ದು ಇದು, ಭಾರತೀಯರದ್ದು ಇದು, ಮಲಯರದ್ದು ಕಂಪೊಂಗ್ ಗ್ಲಾಮ್. ಈ ಖಾನೆಗಳು ಹಳೆಯವು. 1819ರಲ್ಲಿ ಬಂದಿಳಿದ ಬ್ರಿಟಿಷ್ ಅಧಿಕಾರಿ ರ‍್ಯಾಫಲ್ಸ್ 1822ರ ನಗರ ಯೋಜನೆಯಲ್ಲಿ ಯಾವ ಜನ ಎಲ್ಲಿರಬೇಕು ಅಂತ ಗೆರೆ ಎಳೆಸಿದ. ಜನ ಕೇಳಬೇಕಲ್ಲ. ಹಾಗಾಗಿ ನೀವು ಕೇಳಿದ ವಿಳಾಸ ನಾನು ಕೊಡಲಾರೆ. ಗೆರೆ ಎಲ್ಲೆಲ್ಲಿ ಅಳಿಸಿದೆ ಅಂತ ಬೇಕಾದರೆ ಹೇಳುತ್ತೇನೆ.

ಒಂದು ಪುರಾವೆ ನಿಮ್ಮ ಪತ್ರದ ಜೊತೆಗೇ ಬಂದಿದೆ. ಲಿಟಲ್ ಇಂಡಿಯಾದಲ್ಲಿ ನೀವಿಬ್ಬರೂ ಬಣ್ಣಬಣ್ಣದ ಮನೆಯೊಂದರ ಮುಂದೆ ನಿಂತ ಫೋಟೋ. ಹಿಂದೆ 'ನಮ್ಮವರ ಹಳೆಯ ಮನೆ' ಎಂದು ಚಂದದ ಅಕ್ಷರದಲ್ಲಿ ಬರೆದಿದ್ದೀರಿ. ಮೇಷ್ಟ್ರೇ, ಅದು ತಾನ್ ತೆಂಗ್ ನಿಯಾ ಎಂಬ ಚೀನೀ ವ್ಯಾಪಾರಿಯ ಮನೆ, 1900ರಲ್ಲಿ ಕಟ್ಟಿದ್ದು. ಅದು ಇರುವ ಕೆರ್ಬಾವ್ ರೋಡಿನ ಹೆಸರು ಮಲಯ್ ಭಾಷೆಯದ್ದು, ಕೆರ್ಬಾವ್ ಅಂದರೆ ಎಮ್ಮೆ. ಒಂದು ಕಾಲಕ್ಕೆ ಅದೆಲ್ಲ ದನಕರು, ಎಮ್ಮೆಗಳ ವ್ಯಾಪಾರದ ಜಾಗ. ನಮ್ಮವರು ಅಲ್ಲಿ ನೆಲೆಸಿದ್ದು ಆ ಕಸುಬಿನ ಹಿಂದೆ, ಯಾರೋ ಬರೆದ ನಕ್ಷೆಯ ಪ್ರಕಾರ ಅಲ್ಲ.

ಈ ಸಲ ಬೆಳಿಗ್ಗೆ ಬೇಗ ವಾಟರ್‌ಲೂ ಸ್ಟ್ರೀಟಿಗೆ ಹೋಗಿ. ಅಲ್ಲಿ ಕರುಣೆಯ ದೇವತೆ ಕ್ವಾನ್ ಇಮ್‌ಳ ಚೀನೀ ಗುಡಿಯೂ ನಮ್ಮ ಕೃಷ್ಣನ ಗುಡಿಯೂ ಅಕ್ಕಪಕ್ಕ. ಚೀನೀ ಅಜ್ಜಿಯರು ಕ್ವಾನ್ ಇಮ್‌ಗೆ ಕೈಮುಗಿದು ಬಂದು, ಊದುಬತ್ತಿ ಹಿಡಿದು ಕೃಷ್ಣನ ಮುಂದೂ ನಿಲ್ಲುತ್ತಾರೆ. ಯಾರೂ ಇದನ್ನು ದೊಡ್ಡ ವಿಷಯ ಮಾಡುವುದಿಲ್ಲ. ಒಂದು ದೇವರಿಗೆ ಹೇಳಿಕೊಂಡದ್ದನ್ನು ಪಕ್ಕದ ದೇವರಿಗೂ ಹೇಳಿದರೆ ನಷ್ಟವೇನು ಅನ್ನೋ ಲೆಕ್ಕ ಇರಬೇಕು. ಅದೇ ಬೀದಿಯಲ್ಲಿ 1878ರ ಯಹೂದಿ ಪ್ರಾರ್ಥನಾ ಮಂದಿರವೂ ಇದೆ. ಮೂರು ಗಂಟೆ ಹೊತ್ತಿಗೆ ಮಾತ್ರ ತಿರುಗಬೇಡಿ, ಸಮಭಾಜಕದ ಪಕ್ಕದ ಊರು, ಸೆಕೆಗೆ ನಮ್ಮ ದಾವಣಗೆರೆಯ ಒಣ ಬಿಸಿಲೇ ವಾಸಿ ಅನ್ನಿಸುತ್ತದೆ.

ಇನ್ನು ಊಟ. ಅಲ್ಲಿನ ಹಾಕರ್ ಸೆಂಟರ್‌ಗಳು, ಅಂದರೆ ಬೀದಿಬದಿ ಗಾಡಿಯವರನ್ನೆಲ್ಲ ಒಂದೇ ಚಾವಣಿಯ ಕೆಳಗೆ ಕೂರಿಸಿದ ಜಾಗಗಳು, ಬೆಳೆಸಿದ ಊಟದ ಸಂಸ್ಕೃತಿ 2020ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿ ಸೇರಿತು. ನಾನು ಮೊದಲ ದಿನ ಖಾಲಿ ಟೇಬಲ್ ಕಂಡು ಕೂತೆ. ಮೇಲೊಂದು ಟಿಶ್ಯೂ ಪೇಪರ್ ಪೊಟ್ಟಣ ಇತ್ತು, ಪಾಪ ಯಾರೋ ಮರೆತಿದ್ದಾರೆ ಅಂದುಕೊಂಡು ಅದರಲ್ಲೇ ಬೆವರು ಒರೆಸಿಕೊಂಡೆ. ಐದು ನಿಮಿಷಕ್ಕೆ ತಟ್ಟೆ ಹಿಡಿದುಕೊಂಡು ಟೇಬಲ್ಲಿನವರು ಬಂದರು. ಪೊಟ್ಟಣ ಇಟ್ಟರೆ ಜಾಗ ಹಿಡಿದಂತೆ, ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ! ಅವರು ಬೈಯಲಿಲ್ಲ, ಸ್ವಲ್ಪ ಸರಿದು ಕೂರಿ ಅಂದರು, ಅಷ್ಟೇ. ಅವರ ತಟ್ಟೆಯಲ್ಲಿ ಪ್ರಾಟಾ ಇತ್ತು, ನಮ್ಮ ಪರೋಟದ ತಮ್ಮ. ತಿಂದಾದ ಮೇಲೆ ತಟ್ಟೆಯನ್ನು ನಾವೇ ಇಡಬೇಕು, ಹಲಾಲ್ ತಟ್ಟೆಗೆ ಬೇರೆ ಕಡೆ, ಉಳಿದದ್ದಕ್ಕೆ ಬೇರೆ ಕಡೆ. ಒಂದೇ ಟೇಬಲ್ಲಿನಲ್ಲಿ ಉಂಡು ತಟ್ಟೆ ಬೇರೆ ಇಡುವುದು. ಆ ಊರಿನ ಒಗ್ಗಟ್ಟು ಹೆಚ್ಚುಕಡಿಮೆ ಹೀಗೇ ಇದೆ ಅಂತ ನನ್ನ ಅಂದಾಜು.

ನಿಮ್ಮ ಮನೆಯವರಿಗೆ ಸೆರಂಗೂನ್ ರೋಡಿನ ತಮಿಳು ಸಸ್ಯಾಹಾರಿ ಹೋಟೆಲ್‌ಗಳು ಇದ್ದೇ ಇವೆ. ಆದರೆ ಈರುಳ್ಳಿ, ಬೆಳ್ಳುಳ್ಳಿ ಬೇಡ ಅನ್ನುವವರಿಗೆ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಯೇ ಹೆಚ್ಚು ಅನುಕೂಲ, ಅವರ ಪದ್ಧತಿಯಲ್ಲೂ ಇವೆರಡು ವರ್ಜ್ಯ. ಮೊಟ್ಟೆ ಹಾಕಿದ್ದೀರಾ ಅಂತ ಒಂದು ಮಾತು ಕೇಳಿ. ಸೋಯಾ, ಗೋಧಿಯಲ್ಲಿ ಥೇಟ್ ಮಾಂಸದ ತುಂಡಿನ ಹಾಗೆ ಮಾಡಿ ಇಟ್ಟಿರುತ್ತಾರೆ, ನೋಡಿ ಹೆದರದಿರಲಿ. ಸಕ್ಕರೆ ಇಲ್ಲದ ಕರಿ ಕಾಫಿ ಬೇಕಾದರೆ 'ಕೋಪಿ ಓ ಕೊಸೋಂಗ್' ಅನ್ನಿ. ಕೋಪಿ ಮಲಯ್ ಮಾತು, ಓ ಅಂದರೆ ಹೊಕ್ಕಿಯನ್ ಚೀನೀಯರ ಕಪ್ಪು, ಕೊಸೋಂಗ್ ಮತ್ತೆ ಮಲಯ್, ಖಾಲಿ ಅಂತ. ವ್ಯಾಕರಣದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆ ಸಮಾಸ ಎಲ್ಲಿ ಸಿಗಬೇಕು?

ಮಗಳ ಮನೆ ಸರ್ಕಾರ ಕಟ್ಟಿದ ಎಚ್‌ಡಿಬಿ ಫ್ಲ್ಯಾಟು ಅಂತ ಬರೆದಿದ್ದೀರಿ. ಅಲ್ಲೇ ಕೆಳಗೆ ಕೂರಿ. ಕಟ್ಟಡದ ನೆಲಮಹಡಿಯನ್ನು ಖಾಲಿ ಬಿಟ್ಟಿರುತ್ತಾರೆ. ಒಂದು ಶನಿವಾರ ಮಲಯರ ಮದುವೆ, ಮುಂದಿನ ವಾರ ಅದೇ ಜಾಗದಲ್ಲಿ ಚೀನೀಯರ ಸಾವಿನ ಮನೆಯ ಚಪ್ಪರ. ಈ ಬೆರಕೆ ತಾನಾಗಿ ಆದದ್ದಲ್ಲ. 1964ರಲ್ಲಿ ಮಲಯರಿಗೂ ಚೀನೀಯರಿಗೂ ದೊಡ್ಡ ಗಲಭೆಯಾಗಿತ್ತು. 1989ರಿಂದ ಪ್ರತಿ ಕಟ್ಟಡದಲ್ಲಿ ಯಾವ ಜನ ಎಷ್ಟು ಇರಬಹುದು ಅಂತ ಮಿತಿ ಇದೆ. ಅದರಿಂದ ಬೇರೆ ಬೇರೆ ಕೇರಿ ಹುಟ್ಟಲಿಲ್ಲ, ನಿಜ. ಆದರೆ ಚೀನೀಯರ ಮಿತಿ ತುಂಬಿದ ಕಡೆ ಮನೆ ಮಾರಲು ಹೊರಟ ಭಾರತೀಯರು, ಮಲಯರು ಚೀನೀಯರಿಗೆ ಮಾರುವಂತಿಲ್ಲ, ಕೊಳ್ಳುವವರು ಕಡಿಮೆ, ರೇಟೂ ಕಡಿಮೆ. ನನಗೆ ಈ ಕಾನೂನು ಒಪ್ಪಿಗೆಯೂ ಹೌದು, ಸ್ವಲ್ಪ ಕಸಿವಿಸಿಯೂ ಹೌದು.

ಮೊಮ್ಮಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿದರೆ ಖಾನೆಗಳ ಕಷ್ಟ ನಿಮ್ಮ ಮನೆಗೇ ಬರುತ್ತದೆ. 'ಮಾತೃಭಾಷೆ' ಎಂಬ ಪಾಠ ಇರುತ್ತದೆ. ಭಾರತೀಯ ಮಕ್ಕಳಿಗೆ ತಮಿಳು, ಅದು ಬೇಡವಾದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಇಲ್ಲ. ದಾವಣಗೆರೆಯ ಕನ್ನಡ ಮೇಷ್ಟ್ರ ಮೊಮ್ಮಗನ ಮಾತೃಭಾಷೆ ಹಿಂದಿ ಅಂತ ಅಂಕಪಟ್ಟಿಯಲ್ಲಿ ಬರಬಹುದು. ಮೂರು ವಾರ ಅಲ್ಲಿರುತ್ತೀರಲ್ಲ, ದಿನಾ ಅರ್ಧ ತಾಸು ಕೂರಿಸಿಕೊಳ್ಳಿ. ಸಿಂಗಪುರದ ಕನ್ನಡ ಸಂಘದವರನ್ನೂ ಮಗಳು ವಿಚಾರಿಸಲಿ.

ಭಾನುವಾರ ಒಮ್ಮೆ ಆರ್ಚರ್ಡ್ ರೋಡಿನ ಲಕ್ಕಿ ಪ್ಲಾಜಾ ಕಡೆ ಹೋಗಿ. ಮಾಲೇ, ಬೈಯಬೇಡಿ. ಮನೆಗೆಲಸಕ್ಕೆ ಬಂದ ಫಿಲಿಪೀನ್ಸ್ ಹೆಣ್ಣುಮಕ್ಕಳು ರಜೆಯ ದಿನ ಅಲ್ಲಿ ಸೇರಿ ಊರಿಗೆ ದುಡ್ಡು ಕಳಿಸಿ, ಉಂಡು, ನಗಾಡಿ ಹೋಗುತ್ತಾರೆ. ಅದೇ ಸಂಜೆ ಲಿಟಲ್ ಇಂಡಿಯಾದಲ್ಲಿ ತಮಿಳುನಾಡು, ಬಾಂಗ್ಲಾದೇಶದ ಕಟ್ಟಡ ಕೆಲಸದವರು. ನಮ್ಮ 'ನಾಲ್ಕು ಸಂಸ್ಕೃತಿ'ಯ ಲೇಖನದಲ್ಲಿ ಇವರಿಗೆ ಒಂದು ಸಾಲೂ ಸಿಕ್ಕಿರಲಿಲ್ಲ.

ಫೋಟೋ ಈ ಪತ್ರದ ಜೊತೆ ವಾಪಸ್ ಕಳಿಸಿದ್ದೇನೆ. ಹಿಂದಿನ ಸಾಲನ್ನು ನಾನು ಮುಟ್ಟಿಲ್ಲ, ಕೆಂಪು ಶಾಯಿ ಪೆನ್ನು ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದೇ ಪೆನ್ನಿನಲ್ಲಿ ವಿಶೇಷಾಂಕದ ಪಗೋಡವನ್ನೂ ಹೊಡೆದುಹಾಕಿಬಿಡಿ.