ಪರೀಕ್ಷೆ ಮುಗಿಯಲಿ ಅಂತ ನಾಯಿಮರಿಯ ಲಸಿಕೆ ಮುಂದಕ್ಕೆ ಹಾಕಬೇಡಿ

ಮೂಡಿಗೆರೆಯಿಂದ ಬರೆದಿರುವ ತಂಗಿಗೆ. ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಹತ್ತು ತಿಂಗಳ ಮಗು, ಮುಂದಿನ ತಿಂಗಳು ಎಂ.ಎ. ಪರೀಕ್ಷೆ, ಐವತ್ತು ದಿನದ ನಾಟಿ ನಾಯಿಮರಿ, ಜೊತೆಗೊಂದು ಬೆಕ್ಕು, ಮನೆಯವರು ಬೆಳಿಗ್ಗೆ ತೋಟಕ್ಕೆ ಹೋದರೆ ಬರೋದು ಸಂಜೆ. ನೀವು ಕೇಳಿದ್ದು ಓದಿಗೆ ಸಮಯ ಹೊಂದಿಸೋದು ಹೇಗೆ ಅಂತ. ಅದಕ್ಕೆ ಆಮೇಲೆ ಬರ್ತೀನಿ. ನಡುವೆ ಒಂದು ಸಾಲು ಬರೆದು ಹಾಗೇ ಮುಂದೆ ಹೋಗಿದ್ದೀರಿ: “ಮರಿ ಗೇಟು ದಾಟಲ್ಲ, ಇಂಜೆಕ್ಷನ್ ಎಲ್ಲ ಪರೀಕ್ಷೆ ಆದಮೇಲೆ ಶುರು ಮಾಡ್ತೀನಿ.” ಅದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ. ಮೇಲೆ ಅಷ್ಟು ಜನ ಉತ್ತರ ಕೊಟ್ಟಿದ್ದಾರೆ, ಒಬ್ಬರೂ ಆ ಸಾಲು ಹಿಡಿದಿಲ್ಲ. ಒಬ್ಬರಂತೂ ಪರೀಕ್ಷೆ ಮುಗಿಯೋವರೆಗೆ ಮರಿಯನ್ನು ಯಾರಿಗಾದರೂ ಕೊಟ್ಟುಬಿಡಿ ಅಂದಿದ್ದಾರೆ. ಹಾಗೆ ಕೊಟ್ಟ ಮರಿಗೆ ಅಲ್ಲಿ ಲಸಿಕೆ ಯಾರು ಹಾಕಿಸ್ತಾರೆ?

ಪಾರ್ವೊ, ಅಂದರೆ ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರೋ ವೈರಸ್ ಕಾಯಿಲೆ, ಬರೋಕೆ ಮರಿ ಗೇಟು ದಾಟಬೇಕಾಗಿಲ್ಲ ಕಣ್ರೀ. ನೀವು ದಾಟಿದರೆ ಸಾಕು. ಚಪ್ಪಲಿಗೆ, ಗಂಬೂಟಿಗೆ, ಸ್ಕೂಟರಿನ ಚಕ್ರಕ್ಕೆ ಅಂಟಿಕೊಂಡು ಬರುತ್ತೆ. ಕಾಯಿಲೆ ಬಿದ್ದ ನಾಯಿ ಹೇಸಿಗೆ ಮಾಡಿದ ಜಾಗದಲ್ಲಿ ಆ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತೆ. ನಮ್ಮ ಕಡೆಯ ತಂಪಿಗೆ, ನೆರಳಿಗೆ, ತೇವಕ್ಕೆ ಇನ್ನೂ ಹೆಚ್ಚು ದಿನ. ತಾಯಿಹಾಲಿನಿಂದ ಬಂದ ಶಕ್ತಿ ಇಳಿಯೋದು ಸರಿಯಾಗಿ ಈ ಆರರಿಂದ ಹದಿನಾರು ವಾರದ ನಡುವೆ. ಅಂದರೆ ನೀವು ಲಸಿಕೆ ಮುಂದಕ್ಕೆ ಹಾಕ್ತಿರೋದು ಅದಕ್ಕೆ ಕಾವಲೇ ಇಲ್ಲದ ವಾರಗಳಲ್ಲಿ.

ನನ್ನ ಬಿ.ಎಡ್. ಕೊನೆಯ ಸೆಮಿಸ್ಟರಿನಲ್ಲಿ ಹಾಸನದ ಮನೆಯಲ್ಲಿ ಇದೇ ಲೆಕ್ಕ ಹಾಕಿದ್ದೆ. ಮಗಳು ಅಂಬೆಗಾಲು, ಕರಿಯ ಅಂತ ಒಂದು ಮರಿ, ಅಂಗಳ ಬಿಟ್ಟು ಎಲ್ಲೂ ಹೋದವನಲ್ಲ. ಮೊದಲ ದಿನ ಊಟ ಬಿಟ್ಟ, ಸೆಖೆ ಇರಬೇಕು ಅಂದುಕೊಂಡೆ. ರಾತ್ರಿ ನೊರೆ ವಾಂತಿ. ಅಜೀರ್ಣ ಅಂತ ಅತ್ತೆ ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸಿದರು. ಮಾರನೇ ದಿನ ರಕ್ತ ಬೆರೆತ ಭೇದಿ, ಒಂದು ಸಲ ಮೂಸಿದರೆ ಮರೆಯೋಕಾಗದ ವಾಸನೆ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಡ್ರಿಪ್ ಬಾಟಲಿ ಹಿಡಿದು ನಿಂತಿದ್ದೆ, ಮಾರನೇ ಬೆಳಿಗ್ಗೆ ಪೇಪರ್ ಇತ್ತು. ಕರಿಯ ಉಳಿಯಲಿಲ್ಲ. ಪೇಪರ್ ಬರೆದೆ, ಏನು ಬರೆದೆ ಅಂತ ನೆನಪಿಲ್ಲ. ಲಸಿಕೆಗೆ ಅರ್ಧ ದಿನ ಕೊಡೋಕೆ ಆಗಲ್ಲ ಅಂದುಕೊಂಡವಳಿಗೆ ಆ ವಾರ ಪೂರ್ತಿ ಹೋಯ್ತು. ಅದಕ್ಕೇ ಹೇಳ್ತಿದೀನಿ, ಓದಿನ ಸಮಯ ಉಳಿಸೋಕೂ ಇದೇ ಮೊದಲು.

ನಿಮ್ಮ ಮರಿಗೆ ಐವತ್ತು ದಿನ ಅಂದರೆ ಏಳು ವಾರ ದಾಟಿದೆ. ಈ ವಾರವೇ ಹೋಗಿ. ಜಂತಿನ ಔಷಧಿ ಕೊಟ್ಟಿದ್ದರೆ ಯಾವಾಗ ಅಂತ ಹೇಳಿ, ಕೊಟ್ಟಿಲ್ಲದಿದ್ದರೂ ಹೇಳಿ. ಮೊದಲು ಯಾವುದು ಅಂತ ಡಾಕ್ಟರ್ ನಿರ್ಧರಿಸಲಿ. ಆಮೇಲೆ ಮೂರು–ನಾಲ್ಕು ವಾರಕ್ಕೊಂದು ಬೂಸ್ಟರ್, ಕೊನೆಯದು ಹದಿನಾರು ವಾರ ತುಂಬಿದ ಮೇಲೆ ಬೀಳಬೇಕು. ರೇಬೀಸ್‌ನದ್ದು ಮೂರು ತಿಂಗಳಿಗೆ. ಒಂದು ಹಾಕಿಸಿ “ಆಯ್ತು” ಅಂತ ಬಿಟ್ಟವರ ಮರಿಗಳೂ ಹೋಗಿವೆ, ಬೂಸ್ಟರ್ ಬಿಡಬೇಡಿ. ಮರಿ ಮಂಕಾಗಿದ್ದರೆ, ಜ್ವರ ಇದ್ದರೆ ಅವತ್ತು ಹಾಕಿಸಬೇಡಿ. ಹಾಕಿಸಿದ ಮೇಲೆ ಇಪ್ಪತ್ತು ನಿಮಿಷ ಅಲ್ಲೇ ಕೂತಿರಿ, ಮುಖ ಊದಿದರೆ ಡಾಕ್ಟರ್ ಕೈಗೆ ಸಿಗಬೇಕು. ಸ್ನಾನ ಒಂದು ವಾರ ಬೇಡ.

ನೋಬಿವ್ಯಾಕ್, ಮೆಗಾವ್ಯಾಕ್, ವ್ಯಾನ್‌ಗಾರ್ಡ್ ಈ ಮೂರು ಲಸಿಕೆ ಬ್ರ್ಯಾಂಡಿನಲ್ಲಿ ಯಾವುದು ಒಳ್ಳೇದು ಅಂತ ಈ ಗುಂಪಿನಲ್ಲಿ ವಾರಕ್ಕೊಂದು ಜಗಳ ಆಗುತ್ತೆ. ನನ್ನ ಮಟ್ಟಿಗೆ ನೋಬಿವ್ಯಾಕ್, ಆದರೆ ಅದಕ್ಕೋಸ್ಕರ ಎರಡು ವಾರ ಕಾಯಬೇಡಿ, ಸಿಕ್ಕಿದ್ದನ್ನು ಹಾಕಿಸಿ. ಅದಕ್ಕಿಂತ ದೊಡ್ಡ ವಿಷಯ ಲಸಿಕೆ ತಣ್ಣಗಿತ್ತಾ ಅನ್ನೋದು. ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕಾದ್ದು. ಮೆಡಿಕಲ್ ಶಾಪಿನಿಂದ ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮೂಡಿಗೆರೆವರೆಗೆ ತಂದು ಗೊತ್ತಿರೋರ ಕೈಲಿ ಚುಚ್ಚಿಸಿದರೆ ಬಾಟಲಿ ಖರ್ಚಾಗುತ್ತೆ ಅಷ್ಟೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತೆ ಅಂತ ನಿಮಗೇ ಗೊತ್ತು. ಫ್ರಿಜ್ ಸರಿಯಾಗಿ ಇಟ್ಟುಕೊಂಡಿರುವ ಡಾಕ್ಟರ್ ಹತ್ತಿರವೇ ಹಾಕಿಸಿ, ಬಾಟಲಿಯ ಸ್ಟಿಕ್ಕರ್ ಕಾರ್ಡಿಗೆ ಅಂಟಿಸಿಕೊಳ್ಳಿ.

ಇನ್ನು ಜಂತು. ಇದು ಮರಿಯ ವಿಷಯ ಅಂದುಕೊಳ್ಳಬೇಡಿ, ನೆಲದ ಮೇಲೆ ಹರಿಯೋ ನಿಮ್ಮ ಮಗುವಿನ ವಿಷಯ. ದುಂಡುಹುಳು ತಾಯಿಯ ಹೊಟ್ಟೆಯಿಂದಲೇ ಮರಿಗೆ ಬರುತ್ತೆ, ಎಲ್ಲೂ ಹೋಗದ ಮರಿಗೂ ಇರುತ್ತೆ. ಹೇಸಿಗೆಯಲ್ಲಿ ಬಿದ್ದ ಮೊಟ್ಟೆ ಮಣ್ಣಿನಲ್ಲಿ ಬಲಿತು ಮಕ್ಕಳಿಗೆ ಹತ್ತೋ ಹಾಗಾಗೋಕೆ ಎರಡು ವಾರದ ಮೇಲೆ ಬೇಕು. ಹಾಗಾಗಿ ಅಂಗಳದ್ದನ್ನು ದಿನಾ ಎತ್ತಿದರೆ ಅರ್ಧ ಅಪಾಯ ಹೋಯ್ತು. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಔಷಧಿ. ಸಣ್ಣ ಮರಿಗೆ ಸಿರಪ್ಪೇ ಸರಿ, ಅಡುಗೆಮನೆ ತಕ್ಕಡಿಯಲ್ಲಿ ತೂಕ ಮಾಡಿ ಕೊಡಿ. ದೊಡ್ಡ ನಾಯಿಯ ಮಾತ್ರೆಯನ್ನು ಕಣ್ಣಳತೆಯಲ್ಲಿ ಮುರಿದು ಕೊಡೋದು ನಿಲ್ಲಿಸಿ. ಮಗುವಿಗೆ ವರ್ಷ ತುಂಬಿದ ಮೇಲೆ ಅಂಗನವಾಡಿಯಲ್ಲಿ ಫೆಬ್ರವರಿ 10, ಆಗಸ್ಟ್ 10ರ ಹೊತ್ತಿಗೆ ಜಂತುಹುಳು ನಿವಾರಣಾ ದಿನದ ಅಲ್ಬೆಂಡಜೋಲ್ ಕೊಡ್ತಾರೆ, ಎರಡು ವರ್ಷದವರೆಗೆ ಅರ್ಧ ಮಾತ್ರೆ, ಪುಡಿ ಮಾಡಿ. ಅದನ್ನೂ ತಪ್ಪಿಸಬೇಡಿ.

ನೆಗಡಿ ಇತ್ತು ಅಂತ ಮಗುವಿನ ಒಂಬತ್ತು ತಿಂಗಳ ದಡಾರ–ರುಬೆಲ್ಲಾ ಲಸಿಕೆಯನ್ನೂ ಬಿಟ್ಟಿದ್ದೀರಿ ಅಂತ ಬರೆದಿದ್ದೀರಿ. ಸಣ್ಣ ನೆಗಡಿ ಲಸಿಕೆಗೆ ಅಡ್ಡಿಯಲ್ಲ. ತಾಯಿ ಕಾರ್ಡ್ ತೆಗೆದುಕೊಂಡು ಆಶಾ ಕಾರ್ಯಕರ್ತೆಯನ್ನು ನಾಳೆಯೇ ಕೇಳಿ, ದಯವಿಟ್ಟು.

ಇವೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ? ನನಗೆ ಕೈ ಹಿಡಿದಿದ್ದು ಒಂದೇ ಕ್ಯಾಲೆಂಡರ್. ಗೊಬ್ಬರದ ಅಂಗಡಿಯವರು ಕೊಡೋ ದೊಡ್ಡ ಗೋಡೆ ಕ್ಯಾಲೆಂಡರ್, ಅಡುಗೆಮನೆ ಬಾಗಿಲ ಪಕ್ಕ. ಮಗುವಿನದ್ದು ಕೆಂಪು, ಪ್ರಾಣಿಗಳದ್ದು ಹಸಿರು, ಪರೀಕ್ಷೆ ನೀಲಿ. ತಾಯಿ ಕಾರ್ಡ್, ಮರಿಯ ಕಾರ್ಡ್, ಹಾಲ್ ಟಿಕೆಟ್ ಮೂರೂ ಅದೇ ಮೊಳೆಗೆ ತೂಗುಹಾಕಿದ ಒಂದೇ ಕವರಿನಲ್ಲಿ. ಫೋನಿನ ರಿಮೈಂಡರ್ ಬೇಡ ಅಂತಲ್ಲ, ಆದರೆ ಫೋನಿನದ್ದು ನಿಮ್ಮೊಬ್ಬರಿಗೇ ಕಾಣುತ್ತೆ. ಗೋಡೆ ಮೇಲಿದ್ದರೆ ಅತ್ತೆಗೂ ಕಾಣುತ್ತೆ, ಮನೆಯವರಿಗೂ ಕಾಣುತ್ತೆ, “ಗುರುವಾರ ಮರಿದು ಇದೆ, ನಾನು ಕರ್ಕೊಂಡು ಹೋಗ್ತೀನಿ” ಅಂತ ಅವರ ಬಾಯಲ್ಲೇ ಬರುತ್ತೆ. ನಮ್ಮನೆಯಲ್ಲಿ ಬಂತು. ತಿಂಗಳ ಮೊದಲ ದಿನ ಮೂರು ಬಣ್ಣ ಒಟ್ಟಿಗೆ ನೋಡಿ. ನೀಲಿ ಇರುವ ದಿನಕ್ಕೆ ಹಸಿರು ಬಂದರೆ ಹಸಿರನ್ನು ಎರಡು ದಿನ ಆಚೀಚೆ ಮಾಡಿ, ತಿಂಗಳು ಆಚೆ ಹಾಕಬೇಡಿ. ಪೇಪರಿನ ಹಿಂದಿನ ದಿನ ಮಾತ್ರ ಯಾವ ಲಸಿಕೆಯೂ ಬೇಡ, ಮಗುವಿಗೆ ರಾತ್ರಿ ಮೈ ಬಿಸಿಯಾದರೆ ನಿಮಗೆ ನಿದ್ದೆ ಇರಲ್ಲ.

ಹಾಂ, ಮೈ ಬಿಸಿ ಅಂದಾಗ ನೆನಪಾಯ್ತು. ಮಗುವಿನ ಪ್ಯಾರಸಿಟಮಾಲ್ ಸಿರಪ್ಪನ್ನು ಬೆಕ್ಕಿಗೆ ಒಂದು ಹನಿಯೂ ಹಾಕಬಾರದು, ಬೆಕ್ಕು ಸತ್ತೇ ಹೋಗಬಹುದು. ನಾಯಿಗೂ ಮನುಷ್ಯರ ನೋವಿನ ಮಾತ್ರೆ ಬೇಡ. ಮುಚ್ಚಳ ಗಟ್ಟಿ ಹಾಕಿ ಮೇಲಿಡಿ.

ದಿನಾ ಫಿನಾಯಿಲ್‌ನಲ್ಲಿ ನೆಲ ಒರೆಸ್ತೀನಿ, ಹಾಗಾಗಿ ಭಯ ಇಲ್ಲ ಅಂದಿದ್ದೀರಿ. ಫಿನಾಯಿಲ್, ಡೆಟಾಲ್ ಎರಡಕ್ಕೂ ಪಾರ್ವೊ ಸಾಯಲ್ಲ. ಬೆಕ್ಕಿಗೋ ಅವೆರಡೂ ವಿಷ, ಒರೆಸಿದ ನೆಲದಲ್ಲಿ ಓಡಾಡಿ ಪಾದ ನೆಕ್ಕುತ್ತೆ. ಪಾರ್ವೊಗೆ ಬ್ಲೀಚಿಂಗ್ ಪೌಡರ್. ಮೊದಲು ಸೋಪಿನ ನೀರಲ್ಲಿ ತೊಳೆದು, ಆಮೇಲೆ ಲೀಟರಿಗೆ ಒಂದು ದೊಡ್ಡ ಚಮಚ ಕಲಸಿ ಹತ್ತು ನಿಮಿಷ ಬಿಟ್ಟು, ಮತ್ತೆ ಚೆನ್ನಾಗಿ ನೀರು ಹಾಕಿ ತೊಳೆದು ಒಣಗಿದ ಮೇಲೆ ಮಗು ಬಿಡಿ. ಹೇಸಿಗೆ ಮೇಲೇ ಸುರಿದರೆ ಶಕ್ತಿ ಹೋಗುತ್ತೆ. ಆ್ಯಸಿಡ್, ಹಾರ್ಪಿಕ್ ಜೊತೆ ಬೆರೆಸಿದರೆ ವಿಷಗಾಳಿ ಬರುತ್ತೆ, ಹುಷಾರು. ಇದು ದಿನಾ ಬೇಡ, ಹೊರಗಿನ ನಾಯಿ ಅಂಗಳಕ್ಕೆ ಬಂದುಹೋದರೆ ಮಾತ್ರ ಸಾಕು. ಒಳಗಿನ ನೆಲಕ್ಕೆ ದಿನನಿತ್ಯ ಬರೀ ಬಿಸಿನೀರು, ಸೋಪು. ಗಂಬೂಟು, ಚಪ್ಪಲಿ ಗೇಟಿನ ಹತ್ತಿರವೇ ಬಿಡಿಸಿ, ಮನೆಯವರಿಗೆ ಗಟ್ಟಿಯಾಗಿ ಹೇಳಿ.

ಉಣುಗಿಗೆ ಪೌಡರ್ ಹಾಕ್ತಿದ್ದೀರಿ, ಇವತ್ತೇ ನಿಲ್ಲಿಸಿ. ಮಗು ಮರಿಯ ಮೈ ಮುಟ್ಟಿ ಅದೇ ಕೈ ಬಾಯಿಗೆ ಹಾಕುತ್ತೆ. ಪರ್ಮೆಥ್ರಿನ್ ಇರೋ ಪೌಡರ್ ಬೆಕ್ಕಿಗೆ ಪ್ರಾಣಾಂತಿಕ, ರಿಡ್‌ನಂಥ ಅಮಿಟ್ರಾಜ್ ಔಷಧಿಯೂ ಬೆಕ್ಕಿರುವ ಮನೆಗಲ್ಲ. ಔಷಧಿ ಕಾಲರ್ ಕೂಡ ಬೇಡ, ಮಗು ಕಚ್ಚುತ್ತೆ. ಉಣುಗನ್ನು ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು ಸ್ಪಿರಿಟ್ಟಿಗೆ ಹಾಕಿ, ಉಗುರಲ್ಲಿ ಹಿಸುಕಬೇಡಿ. ಎಂಟು ವಾರ ದಾಟಿ, ಎರಡು ಕಿಲೋ ಆದ ಮೇಲೆ ಡಾಕ್ಟರನ್ನು ಕೇಳಿ ನೆಕ್ಸ್‌ಗಾರ್ಡ್ ಮಾತ್ರೆ ಕೊಡಬಹುದು. ದುಬಾರಿ ಹೌದು, ಆದರೆ ಮೈ ಮೇಲೆ ಏನೂ ಇರಲ್ಲ, ಮಗು ಇರುವ ಮನೆಗೆ ಅದೇ ಒಳ್ಳೇದು. ಬೇವು–ಅರಿಶಿನ ಅಂದವರಿಗೆ: ಹಚ್ಚಿ ನೋಡಿದ್ದೀನಿ, ಉಣುಗು ಕಿವಿಯೊಳಗೆ ಆರಾಮವಾಗಿತ್ತು. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯವರು ಇದನ್ನು ಓದುತ್ತಿದ್ದರೆ, ಡಿಸೆಂಬರಿನಿಂದ ಮೇವರೆಗೆ ನಾಯಿಯನ್ನು ದರಗು ಗುಡಿಸೋಕೆ ಕಾಡಿಗೆ ಕರ್ಕೊಂಡು ಹೋಗಬೇಡಿ. ಮಂಗನ ಕಾಯಿಲೆಯ ಉಣುಗು ಅದರ ಮೈ ಮೇಲೆ ಮನೆಗೆ ಬರುತ್ತೆ.

ಮರಿಯ ಹಲ್ಲು ಮಗುವಿಗೆ ತಾಗಿ ರಕ್ತ ಬಂದರೆ, ಗೀರಿದರೂ ಸರಿ, ಹದಿನೈದು ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ಉಚಿತ. ಕಾಫಿಪುಡಿ, ಸುಣ್ಣ ಮೆತ್ತಬೇಡಿ. “ಸಣ್ಣ ಮರಿ, ಏನಾಗಲ್ಲ” ಅನ್ನೋ ಮಾತು ನಂಬಬೇಡಿ. ಮರಿಗೂ ರೇಬೀಸ್ ಬರುತ್ತೆ.

ಊಟ: ಹಸುವಿನ ಹಾಲು, ಬಿಸ್ಕತ್ತು ಬಿಡಿ. ಹಾಲಿಗೆ ಭೇದಿ ಆಗುತ್ತೆ, ಆಗ ಪಾರ್ವೊ ಯಾವುದು ಹಾಲು ಯಾವುದು ಗೊತ್ತಾಗಲ್ಲ. ಅನ್ನ, ಬೆಂದ ಮೊಟ್ಟೆ, ಉಪ್ಪು–ಈರುಳ್ಳಿ ಇಲ್ಲದ ಕೋಳಿ, ಸ್ವಲ್ಪ ರಾಗಿ ಗಂಜಿ. ಅಂಗಡಿಯದ್ದು ತರೋದಾದರೆ ಡ್ರೂಲ್ಸ್ ಆಗಲಿ ಪೆಡಿಗ್ರೀ ಆಗಲಿ, ಮರಿಗಳಿಗೆ ಅಂತ ಬರೆದ ಸಣ್ಣ ಪ್ಯಾಕೆಟ್ಟೇ ತನ್ನಿ. ಬಿಡಿಯಾಗಿ ತೂಕ ಹಾಕಿ ಕೊಡೋದು ಮಳೆಗಾಲದಲ್ಲಿ ಬೂಷ್ಟು ಹಿಡಿದಿರುತ್ತೆ. ಕಾಫಿ ಬೀಜ, ಕಾಫಿ ಹಣ್ಣು ನಾಯಿಗೆ ಒಳ್ಳೇದಲ್ಲ. ತೋಟದಲ್ಲಿ ಬಸವನಹುಳಕ್ಕೆ ಹಾಕೋ ಮೆಟಾಲ್ಡಿಹೈಡ್ ಗುಳಿಗೆಯಂತೂ ನೇರ ವಿಷ, ಮನೆಯವರು ಜೇಬಲ್ಲಿ ಇಟ್ಟುಕೊಂಡು ಬರ್ತಾರಾ ನೋಡಿ.

ಈಗ ಓದು. ರಾತ್ರಿ ಹತ್ತರಿಂದ ಒಂದರವರೆಗೆ ಕೂತು ಪುಸ್ತಕದ ಮೇಲೇ ನಿದ್ದೆ ಹೋಗ್ತೀನಿ ಅಂದಿರಿ. ಹಾಲೂಡಿಸೋ ತಾಯಿಗೆ ಆ ಹೊತ್ತು ಆಗಲ್ಲ, ಬಿಟ್ಟುಬಿಡಿ. ರಾತ್ರಿ ಮಗು ಮಲಗಿದಾಗಲೇ ಮಲಗಿ. ಮರಿ ನಸುಕಿಗೆ ಹೊರಗೆ ಹೋಗೋಕೆ ಹೇಗೂ ಎಬ್ಬಿಸುತ್ತೆ, ಬಿಟ್ಟು ಬಂದು ಮತ್ತೆ ಹಾಸಿಗೆಗೆ ಹೋಗದೆ ಕೂತುಬಿಡಿ. ಹೊಟ್ಟೆ ತುಂಬಿಸಿದರೆ ಅದು ಮತ್ತೆ ಒಂದೆರಡು ಗಂಟೆ ಮಲಗುತ್ತೆ. ನಸುಕಿನಲ್ಲಾಗಲಿ ಹಗಲಲ್ಲಾಗಲಿ ಮಗು ಮಲಗಿರುವಾಗ ಓದಬೇಡಿ, ಬರೀರಿ. ಮೂರು ಗಂಟೆ ಪೇಪರ್ ಬರೆಯೋಕೆ ಕೈಗೆ ರೂಢಿ ಬೇಕು, ಅದು ಮಗು ಎಚ್ಚರ ಇದ್ದಾಗ ಆಗಲ್ಲ. ಓದೋದನ್ನು ಮಗು ಎದ್ದಿರೋ ಹೊತ್ತಿಗೆ ಇಟ್ಟುಕೊಳ್ಳಿ. ಟಿಪ್ಪಣಿಯನ್ನು ನಿಮ್ಮದೇ ದನಿಯಲ್ಲಿ ಫೋನಿಗೆ ಓದಿ ರೆಕಾರ್ಡ್ ಮಾಡಿ, ಬಟ್ಟೆ ಒಗೀತಾ, ಮರಿಯನ್ನು ಅಂಗಳದಲ್ಲಿ ಆಡಿಸ್ತಾ ಕೇಳಿ. ಮಗುವಿಗೂ ನಿಮ್ಮ ದನಿ ಕೇಳ್ತಿರುತ್ತೆ, ಅಳೋದು ಕಮ್ಮಿ. ಹಳೇ ಪ್ರಶ್ನೆಪತ್ರಿಕೆ ಮೊದಲು, ಪುಸ್ತಕ ಆಮೇಲೆ.

ಅಡುಗೆಮನೆಗೂ ನಡುಮನೆಗೂ ನಡುವೆ ಬಿದಿರಿನ ತಡಿಕೆ ಕಟ್ಟಿಸಿ. ಮರಿ ಒಂದು ಕಡೆ, ಮಗು ಇನ್ನೊಂದು ಕಡೆ, ಬೆಕ್ಕು ಹಾರಿಹೋಗಲಿ. ಮರಿಯನ್ನು ಇಡೀ ದಿನ ಕಟ್ಟಿಹಾಕೋದಕ್ಕಿಂತ ಎಷ್ಟೋ ಮೇಲು. ಇಬ್ಬರನ್ನೂ, ಅದರಲ್ಲೂ ಊಟದ ಹೊತ್ತಿಗೆ, ಒಂದೇ ಕಡೆ ಬಿಟ್ಟು ಸ್ನಾನಕ್ಕೆ ಹೋಗಬೇಡಿ. ಪಂಚಾಯಿತಿಯಲ್ಲಿ ಕೂಸಿನ ಮನೆ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳೋ ಕೇಂದ್ರ, ಇದೆಯಾ ವಿಚಾರಿಸಿ. ಅದು ಶುರುವಾಗಿದ್ದು ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗೋರ ಮಕ್ಕಳಿಗೆ, ಆದರೂ ಕೇಳೋದರಲ್ಲಿ ತಪ್ಪಿಲ್ಲ.

ಮರಿ ಒಂದು ಹೊತ್ತು ಊಟ ಬಿಟ್ಟು ವಾಂತಿ ಮಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, ಬಾಯಿಗೆ ಏನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ತಾಲ್ಲೂಕಿನ ಪಶು ಆಸ್ಪತ್ರೆಗೆ ಫೋನ್ ಮಾಡಿ, ಸಿಗದಿದ್ದರೆ 1962 ಪಶು ಸಹಾಯವಾಣಿ, ದೊಡ್ಡ ಪ್ರಮಾಣದ ಚಿಕಿತ್ಸೆ ಬೇಕಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೊರಡೋ ಮುಂಚೆ ಡಾಕ್ಟರ್ ಇದ್ದಾರಾ ಅಂತ ಕೇಳಿಕೊಳ್ಳಿ, ಮರಿಯನ್ನು ಅಲ್ಲಿ ನೆಲಕ್ಕೆ ಬಿಡದೆ ಬುಟ್ಟಿಯಲ್ಲೇ ಇಟ್ಟುಕೊಳ್ಳಿ, ಬೇರೆ ನಾಯಿಗಳ ಕಾಯಿಲೆ ಇರುವ ಜಾಗ ಅದು. ಮೊದಲ ಲಸಿಕೆಗೆ ಹೋಗುವಾಗಲೂ ಇದೇ ಬುಟ್ಟಿ. ಹಾಕಿಸಿದ ಮೇಲೆ ಎರಡನೇ ಡೋಸಿನ ತಾರೀಖು ಏನು ಬರೆದುಕೊಟ್ಟರು ಅಂತ ಇಲ್ಲೇ ಕೆಳಗೆ ಹಾಕಿ, ನಿಮ್ಮ ಪರೀಕ್ಷೆ ವೇಳಾಪಟ್ಟಿ ಜೊತೆ ಹೊಂದುತ್ತಾ ನಾನೂ ನೋಡ್ತೀನಿ.